ಹಾಕಲು ಮೂರು ದಾರಿ, ತೆಗೆಯಲು ಎರಡೂವರೆ

ಕೋಲಾರದ ಸುತ್ತಮುತ್ತ ಸಿಗುವ ಶಾಸನ, ವೀರಗಲ್ಲುಗಳ ಚಿತ್ರ ತೆಗೆದು ಟಿಪ್ಪಣಿ ಬರೆದಿಡುವ ಒಂದು ಬ್ಲಾಗನ್ನು ನಡೆಸುತ್ತಿದ್ದೇನೆ. ಸ್ವಂತ ಹೆಸರು, ಬಾಡಿಗೆ ಸರ್ವರ್, ಅದರ ಮೇಲೆ ನಾನೇ ಕೂರಿಸಿದ, ತಾಣ ನಡೆಸುವ ತಂತ್ರಾಂಶ ವರ್ಡ್‌ಪ್ರೆಸ್. ಬಾಡಿಗೆ ಮನೆಯಲ್ಲಿ ನಲ್ಲಿ ಸೋರಿದರೆ ಮಾಲೀಕನನ್ನು ಕರೆಯಬಹುದು. ಇಲ್ಲಿ ಮಾಲೀಕನೂ ನಾನೇ, ಸ್ಪ್ಯಾನರ್ ಹಿಡಿದು ಬಗ್ಗುವವನೂ ನಾನೇ. ಇಂಥ ತಾಣಕ್ಕೆ ಪ್ಲಗಿನ್ (ಹೊಸ ಸೌಲಭ್ಯ ಸೇರಿಸುವ ಬಿಡಿ ತಂತ್ರಾಂಶ) ಹಾಕುವ ಮೂರು ದಾರಿಗಳನ್ನೂ ತುಳಿದು ನೋಡಿದ್ದೇನೆ, ಮೂರರಲ್ಲೂ ಎಡವಿದ್ದೇನೆ.

ಪ್ಲಗಿನ್ ಇಲ್ಲದೆಯೇ ನಡೆಸಬಾರದೇ ಎಂದು ಕೇಳುವವರಿಗೆ ಒಂದು ಉದಾಹರಣೆ. ‘ಆವನಿಯ ರಾಮಲಿಂಗೇಶ್ವರ ಗುಡಿಯ ಶಾಸನಗಳು’ ಎಂದು ಶೀರ್ಷಿಕೆ ಕೊಟ್ಟೆ. ಪುಟದ ವಿಳಾಸ ‘ಗುಡಿಯ’ ಎಂಬಲ್ಲಿಗೇ ನಿಂತುಹೋಯಿತು. ವಿಳಾಸದ ಆ ತುಣುಕಿಗೆ ವರ್ಡ್‌ಪ್ರೆಸ್ ಇಟ್ಟಿರುವುದು 200 ಸ್ಥಾನ. ಇಂಗ್ಲಿಷಿಗೆ ಅದು ಧಾರಾಳ. ಕನ್ನಡದ ಒಂದು ಸಂಕೇತ ಮೂರು ಬೈಟ್. ಒಂದೊಂದು ಬೈಟೂ ವಿಳಾಸದಲ್ಲಿ ಶೇಕಡಾ ಚಿಹ್ನೆ ಹೊತ್ತು ಮೂರು ಸ್ಥಾನವಾಗುತ್ತದೆ. ಅಂದರೆ ಒಂದು ಸಂಕೇತಕ್ಕೆ ಒಂಬತ್ತು ಸ್ಥಾನ, ಗುಡಿಸು, ಕೊಂಬು, ಒತ್ತುಗಳಿಗೂ ಪ್ರತ್ಯೇಕ ಲೆಕ್ಕ. ‘ಗುಡಿಯ’ದವರೆಗೆ 22 ಸಂಕೇತ, 198 ಸ್ಥಾನ, ನಡುವಿನ ಎರಡು ಅಡ್ಡಗೆರೆಗೆ ಇನ್ನೆರಡು. ಶಾಸನಗಳು ಹೊರಗೇ ಉಳಿದವು. ಶೀರ್ಷಿಕೆಯನ್ನು ವಿಳಾಸಕ್ಕಾಗಿ ರೋಮನ್ ಲಿಪಿಗೆ ತಿರುಗಿಸುವ ಪುಟ್ಟ ಪ್ಲಗಿನ್ ನಾನು ಹಾಕಿದ ಮೊದಲನೆಯದು.

ಅದನ್ನು ಹಾಕಿದ್ದು ಎಲ್ಲರೂ ಹಾಕುವಂತೆ, ತಾಣವನ್ನು ನಿರ್ವಹಿಸುವ ಒಳಪುಟವಾದ ಡ್ಯಾಶ್‌ಬೋರ್ಡಿನಿಂದ. ಹುಡುಕು, ಇನ್‌ಸ್ಟಾಲ್ ಒತ್ತು, ಆಕ್ಟಿವೇಟ್ ಒತ್ತು. ಕಾಫಿ ಆರುವ ಮೊದಲೇ ಕೆಲಸ ಮುಗಿದಿರುತ್ತದೆ. ಹಾಕುವ ಮುನ್ನವೇ ಕೊನೆಯ ಅಪ್‌ಡೇಟ್ ಯಾವಾಗ ಬಂತು, ಎಷ್ಟು ತಾಣಗಳಲ್ಲಿ ಓಡುತ್ತಿದೆ, ನಮ್ಮ ಆವೃತ್ತಿಗೆ ಹೊಂದುತ್ತದೆಯೇ ಎಂಬುದೆಲ್ಲ ಕಣ್ಣೆದುರೇ ಇರುತ್ತದೆ. ಉಳಿದೆರಡು ದಾರಿಗಳಲ್ಲಿ ಈ ಜಾತಕ ಇಷ್ಟು ಸಲೀಸಾಗಿ ಸಿಗುವುದಿಲ್ಲ. ಆದರೆ ಸಲೀಸೇ ಇದರ ಕಾಯಿಲೆ. ಅಧಿಕೃತ ಭಂಡಾರದಲ್ಲಿ 50 ಸಾವಿರಕ್ಕೂ ಹೆಚ್ಚು ಪ್ಲಗಿನ್‌ಗಳಿವೆ. ಎರಡು ಕಿಲೋ ಟೊಮೆಟೊ ತರಲು ನಮ್ಮ ಎಪಿಎಂಸಿಗೆ ಹೋದವನು ಅಗ್ಗವೆಂದು ಎರಡು ಕ್ರೇಟ್ ಹೊತ್ತು ತಂದಂತೆ, ಒಂದೇ ಭಾನುವಾರ ಒಂಬತ್ತು ಪ್ಲಗಿನ್ ಹಾಕಿಕೊಂಡಿದ್ದೇನೆ. ಭಂಡಾರದ ಹೊರಗಿನಿಂದ ತಂದ ಜಿಪ್ ಕಡತವನ್ನು ಏರಿಸುವಾಗ ಬೇರೊಂದು ಕಾಟ. ವರ್ಡ್‌ಪ್ರೆಸ್ ಬರೆದಿರುವ ಭಾಷೆಯಾದ ಪಿಎಚ್‌ಪಿಯಲ್ಲಿ ಒಮ್ಮೆಗೆ ಕಳಿಸಬಹುದಾದ ಒಟ್ಟು ಮಾಹಿತಿಗೆ ಮೂಲ ಮಿತಿ 8 ಎಂಬಿ, ನನ್ನ ಕಡತ 11 ಎಂಬಿ. ಕಡತ ದೊಡ್ಡದಾಯಿತೆಂದು ಹೇಳಿದ್ದರೆ ಅರ್ಥವಾಗುತ್ತಿತ್ತು. ಅದು ಹೇಳಿದ್ದು, ನೀವು ಬಂದ ಕೊಂಡಿಯ ಅವಧಿ ಮುಗಿದಿದೆ ಎಂದು. ಒಂದು ಗಂಟೆ ಕೊಂಡಿಯನ್ನೇ ಹುಡುಕುತ್ತ ಕುಳಿತಿದ್ದೆ.

ಡ್ಯಾಶ್‌ಬೋರ್ಡ್ ಕೈಕೊಡುವುದು ತಾಣ ಕೆಟ್ಟಾಗ. ಅದೂ ಅದೇ ಮನೆಯೊಳಗಿನ ಕೋಣೆ ತಾನೇ? ಚಿತ್ರಶಾಲೆಯ ಪ್ಲಗಿನ್ ಒಂದನ್ನು ಅಪ್‌ಡೇಟ್ ಮಾಡಿ ಮುಳಬಾಗಿಲಿನ ಬಸ್ ಹತ್ತಿದೆ. ನರಸಾಪುರದ ಕಡೆಯ ಗೆಳೆಯನೊಬ್ಬ ಫೋನ್ ಮಾಡಿ, ನಿನ್ನ ತಾಣದಲ್ಲಿ ಗಂಭೀರ ದೋಷವೆಂಬ ಒಂದೇ ಸಾಲು ಕಾಣುತ್ತಿದೆ ಎಂದ. 2019ರ 5.2 ಆವೃತ್ತಿಯಿಂದ ಇಂಥ ಹೊತ್ತಿಗೆ ವರ್ಡ್‌ಪ್ರೆಸ್ ನಮಗೊಂದು ಇಮೇಲ್ ಕಳಿಸುತ್ತದೆ. ಅದರಲ್ಲಿರುವ ಕೊಂಡಿ ಒತ್ತಿದರೆ ಕೆಟ್ಟ ಪ್ಲಗಿನ್ನನ್ನು ಬದಿಗಿಟ್ಟು ಒಳಗೆ ಬಿಡುತ್ತದೆ. ಒಳ್ಳೆಯ ಏರ್ಪಾಡು. ನನ್ನ ಸರ್ವರಿನಲ್ಲಿ ಇಮೇಲ್ ಕಳಿಸುವ ವ್ಯವಸ್ಥೆಯನ್ನೇ ನಾನು ಸರಿಯಾಗಿ ಕೂರಿಸಿರಲಿಲ್ಲ. ಬೀಗ ಹಾಕಿ ಕೀಲಿಯನ್ನು ಒಳಗೇ ಬಿಟ್ಟು ಬಂದಂತಾಯಿತು.

ಆ ದಿನ ಕಾಪಾಡಿದ್ದು ಎರಡನೆಯ ದಾರಿ, ಸರ್ವರಿನ ಕಡತಗಳನ್ನು ದೂರದಿಂದಲೇ ನೇರವಾಗಿ ಮುಟ್ಟಲು ಬಿಡುವ ಎಸ್‌ಎಫ್‌ಟಿಪಿ. ಬಸ್ಸಿನ ಕಿಟಕಿಗೆ ಒರಗಿ, ಮೊಬೈಲಿನ ಆ್ಯಪ್‌ನಲ್ಲಿ ಡಬ್ಲ್ಯುಪಿ-ಕಂಟೆಂಟ್ ಒಳಗಿನ ಪ್ಲಗಿನ್ಸ್ ಫೋಲ್ಡರ್ ತೆರೆದೆ. ಚಿತ್ರಶಾಲೆಯ ಫೋಲ್ಡರಿನ ಹೆಸರಿನ ಕೊನೆಗೆ ‘ಬೇಡ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿದೆ. ಅಷ್ಟೇ. ಆ ಹೆಸರಿನ ಕಡತ ಕಾಣದಾದಾಗ ವರ್ಡ್‌ಪ್ರೆಸ್ ತಕರಾರಿಲ್ಲದೆ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಮುಂದಿನ ನಿಲ್ದಾಣ ಬರುವಷ್ಟರಲ್ಲಿ ತಾಣ ಎದ್ದು ಕುಳಿತಿತ್ತು, ಚಿತ್ರಗಳಿಲ್ಲದೆ. ಪ್ಲಗಿನ್ನಿನ ಸೆಟ್ಟಿಂಗ್‌ಗಳಿಗೂ ಏನೂ ಆಗಿರಲಿಲ್ಲ, ಅವು ಇರುವುದು ಡೇಟಾಬೇಸಿನಲ್ಲಿ.

ಈ ಉಪಕಾರ ನೆನೆದು ಪ್ಲಗಿನ್ ಹಾಕಲೂ ಕೆಲವು ತಿಂಗಳು ಇದನ್ನೇ ಬಳಸಿದೆ. ಅದು ತಪ್ಪು. ಸಾವಿರಾರು ಚಿಲ್ಲರೆ ಕಡತಗಳು ಇರುವೆ ಸಾಲಿನಂತೆ ಒಂದೊಂದಾಗಿ ಹೋಗುತ್ತವೆ. ಅರ್ಧಕ್ಕೆ ಕರೆಂಟು ಹೋದರೆ ಅರ್ಧ ಪ್ಲಗಿನ್ ಅಲ್ಲಿ, ಅರ್ಧ ಇಲ್ಲಿ. ಇನ್ನೂ ಕೆಟ್ಟದ್ದೆಂದರೆ ಹಳೆಯದರ ಮೇಲೆ ಹೊಸದನ್ನು ಸುರಿಯುವುದು. ಹೊಸ ಆವೃತ್ತಿಯಲ್ಲಿ ಕೈಬಿಟ್ಟ ಕಡತಗಳನ್ನು ಎಸ್‌ಎಫ್‌ಟಿಪಿ ಅಳಿಸುವುದಿಲ್ಲ. ಬೀಗರು ಹೋದ ಮೇಲೂ ಹಾಸಿಗೆ ಮಡಚದಂತೆ ಅವು ಅಲ್ಲೇ ಬಿದ್ದಿರುತ್ತವೆ. ಡ್ಯಾಶ್‌ಬೋರ್ಡ್ ಹಾಗಲ್ಲ, ಹಳೆಯ ಫೋಲ್ಡರನ್ನು ಪೂರ್ತಿ ತೆಗೆದು ಹೊಸದನ್ನು ಇಡುತ್ತದೆ.

ಮೂರನೆಯದು ಡಬ್ಲ್ಯುಪಿ-ಸಿಎಲ್‌ಐ, ಕಪ್ಪು ಪರದೆಯಲ್ಲಿ ಆಜ್ಞೆ ಬರೆದು ಕೆಲಸ ಮಾಡಿಸುವ ಸಲಕರಣೆ. ದೂರದಿಂದ ಸರ್ವರಿನೊಳಗೆ ಹೊಕ್ಕು ಆಜ್ಞೆ ಕೊಡುವ ಎಸ್‌ಎಸ್‌ಎಚ್ ಸೌಲಭ್ಯ ಕೊಡದ ಅಗ್ಗದ ಹೋಸ್ಟಿಂಗ್‌ನಲ್ಲಿ ಇದಕ್ಕೆ ದಾರಿಯಿಲ್ಲ. ಇರುವವರು ಹೆದರಬೇಕಾಗಿಲ್ಲ, ನಾನು ಬಳಸುವುದು ಒಟ್ಟು ಆರು ಆಜ್ಞೆ. ಎಲ್ಲವನ್ನೂ ಅಪ್‌ಡೇಟ್ ಮಾಡು ಎನ್ನುವ ಆಜ್ಞೆಗೆ ‘ಡ್ರೈ-ರನ್’ ಎಂಬ ಬಾಲ ಜೋಡಿಸಿದರೆ, ಏನೇನು ಬದಲಾಗಲಿದೆ ಎಂಬುದನ್ನು ಮುಟ್ಟದೆಯೇ ಪಟ್ಟಿ ಮಾಡಿ ತೋರಿಸುತ್ತದೆ. ಅದಕ್ಕೂ ಮೊದಲು ಇನ್ನೊಂದೇ ಸಾಲಿನಲ್ಲಿ ಡೇಟಾಬೇಸಿನ ಪ್ರತಿ ತೆಗೆದಿಡಬಹುದು. ನನಗೆ ಇದು ಮೆಚ್ಚಿಗೆಯಾಗಿದ್ದು ಹಿಂದಕ್ಕೆ ಹೋಗುವ ಅನುಕೂಲದಿಂದ: ಚಿತ್ರಶಾಲೆಯ ಹಳೆಯ ಆವೃತ್ತಿಯ ಸಂಖ್ಯೆ ಕೊಟ್ಟು, ಬಲವಂತವಾಗಿ ಹಾಕು ಎಂದೆ. ಅರ್ಧ ನಿಮಿಷದಲ್ಲಿ ವೀರಗಲ್ಲುಗಳೆಲ್ಲ ಮರಳಿ ಬಂದವು.

ಎಡವಿದ್ದನ್ನೂ ಹೇಳಿಬಿಡುತ್ತೇನೆ. ಮೊದಲ ದಿನ ಸರ್ವರಿಗೆ ರೂಟ್, ಅಂದರೆ ಎಲ್ಲ ಅಧಿಕಾರವೂ ಇರುವ ಖಾತೆದಾರ, ಆಗಿ ಹೊಕ್ಕು ಆಜ್ಞೆ ಕೊಟ್ಟೆ. ಹೀಗೆ ಮಾಡಬೇಡ ಎಂದು ಅದು ಎಚ್ಚರಿಸಿತು. ಎಚ್ಚರಿಕೆಯನ್ನು ಬಾಯಿ ಮುಚ್ಚಿಸುವ ಬಾಲವನ್ನೂ ಅದೇ ಹೇಳಿಕೊಟ್ಟಿತು, ನಾನು ಜೋಡಿಸಿದೆ. ಮಾರನೆಯ ದಿನ ಡ್ಯಾಶ್‌ಬೋರ್ಡಿನಲ್ಲಿ ಅಪ್‌ಡೇಟ್ ಒತ್ತಿದರೆ ಎಫ್‌ಟಿಪಿ ಹೆಸರು, ಗುಪ್ತಪದ ಕೇಳತೊಡಗಿತು. ಹೊಸ ಕಡತಗಳೆಲ್ಲ ರೂಟ್‌ನ ಹೆಸರಿನಲ್ಲಿ ಖಾತೆಯಾಗಿದ್ದವು, ಅವನ್ನು ತಿದ್ದಲು ವೆಬ್ ಸರ್ವರಿಗೆ ಹಕ್ಕಿರಲಿಲ್ಲ. ಪಹಣಿ ತಿದ್ದಿಸಿದಂತೆ ಮಾಲೀಕತ್ವ ಬದಲಿಸಿದ ಮೇಲೆ ಸರಿಹೋಯಿತು. ಇದಕ್ಕೆ ಯಾವ ಅರ್ಜಿಯನ್ನೂ ಬರೆಯಬೇಕಾಗಲಿಲ್ಲ ಎಂಬುದೇ ಸಮಾಧಾನ.

ಇಷ್ಟೆಲ್ಲ ಯಾಕೆ, ಸ್ವಯಂಚಾಲಿತ ಅಪ್‌ಡೇಟ್ ಇದೆಯಲ್ಲ ಎನ್ನಬಹುದು. 2020ರ 5.5ರಿಂದ ಪ್ರತಿ ಪ್ಲಗಿನ್ ಪಕ್ಕದಲ್ಲೇ ಅದರ ಕೊಂಡಿ ಇದೆ. 2024ರ 6.6ರಿಂದ, ಹೊಸದು ಹಾಕಿದ ಕೂಡಲೇ ತಾಣ ಬಿದ್ದರೆ ತಾನಾಗಿ ಹಳೆಯದಕ್ಕೆ ಮರಳುವ ಏರ್ಪಾಡೂ ಬಂದಿದೆ. ಆದರೆ ಅದು ಗುರುತಿಸುವುದು ತಾಣ ಬೀಳುವುದನ್ನು, ಕೆಡುವುದನ್ನಲ್ಲ. ಸಂಬಂಧಿತ ಬರಹಗಳನ್ನು ತೋರಿಸುವ ಒಂದು ಪ್ಲಗಿನ್ ರಾತ್ರೋರಾತ್ರಿ ಹೊಸದಾಗಿ, ಸಾರಾಂಶವನ್ನು ಅಕ್ಷರದ ಬದಲು ಬೈಟಿನ ಲೆಕ್ಕದಲ್ಲಿ ಕತ್ತರಿಸತೊಡಗಿತು. ಮೂರು ಬೈಟಿನ ಅಕ್ಷರವನ್ನು ನಡುವೆ ಕೊಯ್ದರೆ ಉಳಿಯುವುದು ಕಪ್ಪು ವಜ್ರದೊಳಗಿನ ಪ್ರಶ್ನೆಚಿಹ್ನೆ. ಪ್ರತಿ ಸಾರಾಂಶದ ತುದಿಯಲ್ಲೂ ಅದು. ಇಂಗ್ಲಿಷ್ ತಾಣದಲ್ಲಿ ಈ ತಪ್ಪು ಕಾಣಿಸುವುದೇ ಇಲ್ಲ. ಯಂತ್ರದ ಕಣ್ಣಿಗೆ ಎಲ್ಲವೂ ಸರಿಯಿತ್ತು, ನನಗೆ ತಿಳಿದದ್ದು ನಾಲ್ಕನೆಯ ದಿನ. ಈಗ ಕನ್ನಡ ಪಠ್ಯವನ್ನು ಮುಟ್ಟುವ ಯಾವ ಪ್ಲಗಿನ್ನಿಗೂ ಆ ಸವಲತ್ತು ಕೊಟ್ಟಿಲ್ಲ. ಸ್ಪ್ಯಾಮ್ ತಡೆಯುವುದಕ್ಕೆ, ಬ್ಯಾಕಪ್ ತೆಗೆಯುವುದಕ್ಕೆ ಕೊಟ್ಟಿದ್ದೇನೆ.

ಹಾಗಾಗಿ ಹೊಸದನ್ನು ಆರಿಸುವುದು ಡ್ಯಾಶ್‌ಬೋರ್ಡಿನಲ್ಲಿ, ಉಳಿದೆಲ್ಲ ಮನೆಗೆಲಸ ಸಿಎಲ್‌ಐಯಲ್ಲಿ, ಶನಿವಾರ ಬೆಳಿಗ್ಗೆ. ಎಸ್‌ಎಫ್‌ಟಿಪಿ ಮೊಬೈಲಿನಲ್ಲಿ ಸುಮ್ಮನೆ ಕುಳಿತಿದೆ, ಅಗ್ನಿಶಾಮಕದವರಂತೆ. ಒಂದನ್ನೇ ಇಟ್ಟುಕೊಳ್ಳಬೇಕೆಂದರೆ ಸಿಎಲ್‌ಐ ಇಟ್ಟುಕೊಳ್ಳುತ್ತೇನೆ.

ತೆಗೆಯುವ ವಿಷಯಕ್ಕೆ ಬಂದರೆ, ಡ್ಯಾಶ್‌ಬೋರ್ಡಿನಲ್ಲಿ ಡಿಲೀಟ್ ಒತ್ತಿದಾಗ ಪ್ಲಗಿನ್ ತನ್ನ ವಿದಾಯದ ಕಡತವನ್ನು ಇಟ್ಟುಕೊಂಡಿದ್ದರೆ ಅದು ಓಡಿ, ಡೇಟಾಬೇಸಿನಲ್ಲಿ ಹರಡಿದ್ದನ್ನು ಗುಡಿಸುತ್ತದೆ. ಸಿಎಲ್‌ಐಯಲ್ಲಿ ಅನ್‌ಇನ್‌ಸ್ಟಾಲ್ ಎಂದರೂ ಹಾಗೆಯೇ; ಡಿಲೀಟ್ ಎಂದರೆ ಮಾತ್ರ ಬರಿಯ ಕಡತಗಳು ಹೋಗುತ್ತವೆ, ಒಂದೇ ಪದ ಎರಡು ಕಡೆ ಎರಡು ಅರ್ಥ. ಎಸ್‌ಎಫ್‌ಟಿಪಿಯಲ್ಲಿ ಫೋಲ್ಡರ್ ಅಳಿಸಿದರೂ ಅರ್ಧ ಕೆಲಸವೇ. ಆ ಮೋಹದ ತಿಂಗಳುಗಳಲ್ಲಿ ನಾನು ಅಳಿಸಿದ ಒಂದು ಅಂಕಿಅಂಶದ ಪ್ಲಗಿನ್ನಿನ ಐದು ಕೋಷ್ಟಕಗಳು ಡೇಟಾಬೇಸಿನಲ್ಲಿ ಇನ್ನೂ ಇವೆ. ಬ್ಯಾಕಪ್ ತೆಗೆದಾಗಲೆಲ್ಲ ಅವೂ ಜೊತೆಗೆ ಬರುತ್ತವೆ. ಈ ಶನಿವಾರ ಅವನ್ನು ತೆಗೆಯಬೇಕೆಂದುಕೊಂಡಿದ್ದೇನೆ. ಹೋದ ಶನಿವಾರವೂ ಹೀಗೇ ಅಂದುಕೊಂಡಿದ್ದೆ.