ಚಿತ್ರದುರ್ಗ ಕೋರ್ಟ್ ಆವರಣದ ಉಚಿತ ಕಾನೂನು ನೆರವು: ಹೊಲದ ಪಾಲಿಗಾಗಿ ಹೋಗಿದ್ದ ನಮ್ಮ ಅನುಭವ

ಐದಕ್ಕೆ ಐದು ಸ್ಟಾರ್. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೀತೀನಿ, ಹೆಣ್ಣುಮಕ್ಕಳು ಪೂರ್ತಿ ಓದಿ, ಅದ್ರಲ್ಲೂ ನಮ್ಮ ಚಳ್ಳಕೆರೆ ಮೊಳಕಾಲ್ಮೂರು ಜಗಳೂರು ಕಡೆ ನಮ್ಮ ಹಾಗೆ ಪರಿಶಿಷ್ಟ ಪಂಗಡಕ್ಕೆ ಸೇರಿದ ನಾಯಕ ಜನಾಂಗದ ಹೆಣ್ಣುಮಕ್ಕಳು ದಯವಿಟ್ಟು ಓದಿ, ಯಾಕಂದ್ರೆ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಅಂತ ಎಲ್ರೂ ಹೇಳೋ ಆ 2005ರ ಕಾನೂನು ನಮಗೆ ನೇರವಾಗಿ ಬರೋದೇ ಇಲ್ಲ ಅನ್ನೋದು ನನಗೆ ನಲವತ್ತು ದಾಟೋವರೆಗೂ ಗೊತ್ತಿರಲಿಲ್ಲ.

ಮೊದಲು ಏನಾಯ್ತು ಅಂತ ಹೇಳ್ತೀನಿ. ಅಪ್ಪ ಹೋಗಿ ಎರಡು ವರ್ಷ. ಚಳ್ಳಕೆರೆ ತಾಲೂಕಲ್ಲಿ ಆರು ಎಕರೆ ಶೇಂಗಾ ಬೆಳೆಯೋ ಹೊಲ ಐತೆ, ಅಮ್ಮ ಇದಾರೆ, ನಾವು ಮೂರು ಜನ ಹೆಣ್ಣುಮಕ್ಕಳು, ಇಬ್ಬರು ಅಣ್ಣಂದಿರು. ದೊಡ್ಡಣ್ಣ ಫೋನ್ ಮಾಡಿ ಫೌತಿ ಖಾತೆ (ತೀರಿಹೋದೋರ ಹೆಸರಲ್ಲಿರೋ ಜಮೀನನ್ನ ವಾರಸುದಾರರ ಹೆಸರಿಗೆ ಬದಲಾಯಿಸೋದು) ಮಾಡಿಸ್ಬೇಕು, ಮೂರು ಜನಾನೂ ಬಂದು ಒಂದೊಂದು ಸೈನ್ ಹಾಕಿ ಹೋಗ್ರಮ್ಮ ಅಂದ. ಹೋದ್ವಿ. ಅಲ್ಲಿ ಪತ್ರ ಬರೆಯೋರ ಅಂಗಡಿ, ಹೆಸರು ಬೇಡ, ಯಾವ ಊರು ಅಂತಾನೂ ಹೇಳಲ್ಲ. ಅಲ್ಲಿದ್ದೋರು ಮೊದಲನೇ ಹಾಳೆ ಮಾತ್ರ ಗಡಗಡ ಓದಿದ್ರು, ಆಮೇಲೆ ಸೀದಾ ಕೊನೇ ಹಾಳೆ ತೆಗೆದು ಇಲ್ಲಿ ಒತ್ತಿ ಅಂತ ಅಕ್ಕನ ಮುಂದೆ ಇಂಕ್ ಪ್ಯಾಡ್ ಇಟ್ರು. ಅಕ್ಕನಿಗೆ ಓದಕ್ಕೆ ಬರಲ್ಲ. ಹೆಬ್ಬೆಟ್ಟಿಗೆ ಆಗಲೇ ಮಸಿ ಹತ್ತಿತ್ತು, ಅಷ್ಟರಲ್ಲಿ ನಾನು ಮಧ್ಯದ ಹಾಳೆ ತಿರುವಿ ನೋಡಿದೆ, "ನಮ್ಮ ಪಾಲಿನ ಸಮಸ್ತ ಹಕ್ಕನ್ನು ಅರಿಶಿನ ಕುಂಕುಮದ ಬಾಬ್ತು ತಲಾ 25,000 ರೂ. ಪಡೆದು ಯಾರ ಒತ್ತಾಯವೂ ಇಲ್ಲದೆ ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿರುತ್ತೇವೆ" ಅಂತ ಟೈಪ್ ಆಗಿತ್ತು. ಅದು ಹಕ್ಕು ಬಿಡುಗಡೆ ಪತ್ರ. ಅಕ್ಕನ ಕೈ ಹಿಡ್ಕೊಂಡೆ. ಏನಿದು ಅಂತ ಕೇಳಿದ್ರೆ, ಎಲ್ರಿಗೂ ಇದೇ ಫಾರ್ಮ್ಯಾಟ್ ಕಣಮ್ಮ ಅಂದ್ರು ಆ ಮನುಷ್ಯ. ಅಣ್ಣ ತಲೆ ಎತ್ತಲಿಲ್ಲ, ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಹೊಲ ಕೊಡೋ ಪದ್ಧತಿ ಎಲ್ಲೈತಮ್ಮ ಅಂದ ಅಷ್ಟೇ. ಅಕ್ಕ ಮಸಿ ಬೆರಳನ್ನ ಸೆರಗಿಗೆ ಒರೆಸ್ಕೊಂಡು ಎದ್ದು ಬಂದ್ಲು, ಬಸ್ಸಲ್ಲಿ ಒಂದು ಮಾತೂ ಆಡಲಿಲ್ಲ.

ಅದಾಗಿ ಒಂದು ವಾರಕ್ಕೆ ಚಿತ್ರದುರ್ಗ ಕೋರ್ಟ್ ಆವರಣದಲ್ಲಿರೋ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದ್ವಿ. ಅಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟು ಅಂತ ಕೇಳೋ ಹಾಗೇ ಇಲ್ಲ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಂಗಸು ಅಂದ್ರೆ ಸಾಕು ಉಚಿತ, ಎಸ್‌ಸಿ ಎಸ್‌ಟಿ ಅಂದ್ರೂ ಉಚಿತ, ಹಾಗಾಗಿ ನಮಗೆ ಎರಡು ಲೆಕ್ಕದಲ್ಲೂ ಆಗುತ್ತೆ. ವಕೀಲರ ಫೀಸು, ಕೋರ್ಟ್ ಫೀಸು ಎರಡೂ ನಾವು ಕಟ್ಟೋದಿಲ್ಲ. ಒಂದು ಅರ್ಜಿ ಬರ್ಕೊಟ್ವಿ, ನಮಗೆ ಒಬ್ರು ವಕೀಲರನ್ನ ಕೊಟ್ರು, ಹೆಂಗಸ್ರೇ.

ಆ ಮೇಡಂ ಮಾಡಿದ ಮೊದಲ ಕೆಲಸ ಅಂದ್ರೆ ಆ ಪತ್ರಾನ ಮೊದಲಿಂದ ಕೊನೇವರೆಗೂ ಅಕ್ಕನಿಗೆ ಅರ್ಥ ಆಗೋ ಹಂಗೆ ಜೋರಾಗಿ ಓದಿ ಹೇಳಿದ್ದು. ಆಮೇಲೆ ಜಾತಿ ಸರ್ಟಿಫಿಕೇಟಲ್ಲಿ ಏನಿದೆ ಅಂತ ಕೇಳಿದ್ರು. ಪರಿಶಿಷ್ಟ ಪಂಗಡ, ನಾಯಕ ಅಂದ್ವಿ. ಪೆನ್ನು ಕೆಳಗಿಟ್ಟು, ಹಾಗಾದ್ರೆ ನಿಮಗೆ ಬೇರೆ ದಾರಿ ಹೇಳ್ಬೇಕು, ಸಮಾಧಾನದಿಂದ ಕೇಳಿ ಅಂದ್ರು.

ಅವರು ಹೇಳಿದ್ದನ್ನ ನನಗೆ ತಿಳಿದ ಹಾಗೆ ಬರೀತೀನಿ. ಬೇರೆ ಹಿಂದೂ ಹೆಣ್ಣುಮಕ್ಕಳಿಗೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಇದೆ, ನಮ್ಮ ಕರ್ನಾಟಕದಲ್ಲಿ 1994ರಲ್ಲೇ ತಿದ್ದುಪಡಿ ಬಂದಿತ್ತು ಆದ್ರೆ ಅಷ್ಟರೊಳಗೆ ಮದುವೆ ಆಗಿದ್ದೋರಿಗೆ ಅದು ಸಿಗ್ತಿರಲಿಲ್ಲ, ಆಮೇಲೆ 2005ರ ಸೆಪ್ಟೆಂಬರ್ 9ರಿಂದ ಮದುವೆ ಆಗಿರಲಿ ಬಿಡಲಿ ಮಗಳೂ ಮಗನ ಹಾಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಪಾಲುದಾರಳು. ಆ ದಿನ ಅಪ್ಪ ಬದುಕಿರಲೇಬೇಕು ಅಂತಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟಲ್ಲಿ ವಿನೀತಾ ಶರ್ಮಾ ಕೇಸಲ್ಲಿ ಹೇಳಿ ಅದನ್ನೂ ಬಗೆಹರಿಸ್ತು. 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆಗಿಯೋ ಕೋರ್ಟ್ ಡಿಕ್ರಿಯಿಂದಲೋ ಭಾಗ ಆಗಿದ್ರೆ ಅದನ್ನ ಮತ್ತೆ ಕೆದಕೋಕಾಗಲ್ಲ. ಇಷ್ಟೂ ಬೇರೆಯವ್ರಿಗೆ. ಅದೇ ಕಾಯ್ದೆಯ 2ನೇ ಸೆಕ್ಷನ್ನಲ್ಲಿ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಪರಿಶಿಷ್ಟ ಪಂಗಡದವ್ರಿಗೆ ಇದು ಅನ್ವಯಿಸಲ್ಲ ಅಂತ ಬರೆದಿದೆಯಂತೆ. ಅಂದ್ರೆ ನಮಗೆ ನಡೆಯೋದು ರೂಢಿ, ಪದ್ಧತಿ.

ಇದನ್ನ ಕೇಳಿದಾಗ ನನ್ನ ಎದೆ ಒಡೆದುಹೋಯ್ತು, ಅಣ್ಣ ಹೇಳಿದ್ದೇ ಸರಿ ಆಯ್ತಲ್ಲ ಅನ್ನಿಸ್ತು. ಮೇಡಂ ಕೈ ಅಡ್ಡ ಹಿಡಿದು, ಮುಗಿದಿಲ್ಲ ಇನ್ನೂ ಅಂದ್ರು. 2025ರ ಜುಲೈ 17ಕ್ಕೆ ಸುಪ್ರೀಂ ಕೋರ್ಟಿಂದ ಒಂದು ತೀರ್ಪು ಬಂದಿದೆ, ಛತ್ತೀಸಗಢದ ಗೊಂಡ ಬುಡಕಟ್ಟಿನ ಒಬ್ಬ ಹೆಣ್ಣುಮಗಳ ಮಕ್ಕಳು ತಮ್ಮ ತಾಯಿಯ ತಂದೆ ಆಸ್ತಿಯಲ್ಲಿ ಪಾಲು ಕೇಳಿದ್ದ ಕೇಸು. ಹೆಣ್ಣಿಗೆ ಪಾಲು ಕೊಡೋ ಪದ್ಧತಿ ಇದೆ ಅಂತ ನೀವು ಸಾಬೀತು ಮಾಡಿಲ್ಲ ಅಂತ ಕೆಳಗಿನ ಕೋರ್ಟುಗಳು ಅವ್ರನ್ನ ವಾಪಸ್ ಕಳಿಸಿದ್ವು. ಸುಪ್ರೀಂ ಕೋರ್ಟ್ ಆ ಪ್ರಶ್ನೆ ಕೇಳಿದ ರೀತಿನೇ ತಪ್ಪು ಅಂತು, ಹೆಣ್ಣಿಗೆ ಇಲ್ಲ ಅಂತಲೇ ಮೊದಲು ಇಟ್ಕೊಂಡು ಯಾಕೆ ಶುರು ಮಾಡ್ತೀರಿ, ಕೊಡಬಾರದು ಅನ್ನೋ ಪದ್ಧತಿ ಸಾಬೀತಾಗದಿದ್ರೆ ಸಂವಿಧಾನದ 14ನೇ ವಿಧಿಯ ಸಮಾನತೆ ಪ್ರಕಾರ ಅವ್ರಿಗೂ ಸಮಪಾಲು ಅಂತ ತೀರ್ಪಾಯ್ತು.

ಮೇಡಂ ಹೇಳಿದ ಮಾತು ಹಾಗೇ ಬರೀತೀನಿ, "ಪದ್ಧತಿ ಇಲ್ಲ ಅಂತ ಬಾಯಲ್ಲಿ ಹೇಳಿದ್ರೆ ಆಗಲ್ಲಮ್ಮ, ಹೇಳಿದೋರು ತೋರಿಸ್ಬೇಕು." ಹಾಗಂತ ಗೆದ್ದೇ ಗೆಲ್ತೀರಿ ಅಂತ ಅವರು ಹೇಳಲಿಲ್ಲ, ನಿಮ್ಮ ಮನೆತನದಲ್ಲಿ ಏನು ನಡ್ಕೊಂಡು ಬಂದಿದೆ ಅನ್ನೋ ಸಾಕ್ಷಿ ಮೇಲೆ ಹೋಗುತ್ತೆ, ಹಳೇ ಕಾಗದ ಏನಿದೆ ಹುಡುಕಿ ತನ್ನಿ ಅಂದ್ರು. ಸುಳ್ಳು ಆಸೆ ತೋರಿಸದೆ ಹೀಗೆ ಹೇಳಿದ್ದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು.

ತಾಲೂಕ್ ಆಫೀಸಿನ ರೆಕಾರ್ಡ್ ರೂಮಿಂದ ಹಳೇ ಕೈಬರಹದ ಪಹಣಿ ನಕಲು ತೆಗೆಸಿದ್ವಿ. ಆರು ಎಕರೆಯಲ್ಲಿ ಒಂದು ಎಕರೆ ಹತ್ತು ಗುಂಟೆ ಬೇರೆ ಸರ್ವೆ ನಂಬರ್, ಮಾಲೀಕರ ಕಾಲಂನಲ್ಲಿ ನಮ್ಮ ಅಜ್ಜಿ ಹೆಸರು! ಅಜ್ಜಿ ಅಂದ್ರೆ ಅಪ್ಪನ ತಾಯಿ. ಅವರ ತವರಿನೋರು ಅವರ ಹೆಸರಿಗೆ ಬಿಟ್ಟಿದ್ದ ಹೊಲ, ಆಮೇಲೆ ಅಪ್ಪನಿಗೆ ಬಂದಿದ್ದು. ನಾವೆಲ್ಲ ಚಿಕ್ಕವರಿದ್ದಾಗ "ಅಜ್ಜಿ ಹೊಲ" ಅಂತಲೇ ಕರೀತಿದ್ವಿ, ಕಳೆ ತೆಗೆಯೋಕೆ ಹೋಗ್ತಿದ್ವಿ, ಯಾಕೆ ಆ ಹೆಸರು ಅಂತ ಒಬ್ರೂ ಯೋಚನೆ ಮಾಡಿರಲಿಲ್ಲ. ಹೆಣ್ಣಿಗೆ ಹೊಲ ಕೊಡೋ ಪದ್ಧತಿ ಇಲ್ಲ ಅಂತ ಅಣ್ಣ ಹೇಳ್ತಿರೋದು ಹೆಣ್ಣಿನಿಂದ ಬಂದ ಹೊಲದ ಬಗ್ಗೆನೂ ಸೇರಿಸಿ. ಅಕ್ಕ ಆ ನಕಲಿನ ಮೇಲೆ ಬೆರಳಿಟ್ಟು, ಯಾವುದು ಅಜ್ಜಿ ಹೆಸರು ತೋರಿಸು ಅಂತ ಎರಡು ಸಲ ಕೇಳಿದ್ಲು.

ಕೇಸ್ ಹಾಕೋಕೆ ಮುಂಚೆ ರಾಜಿಗೆ ಕರೆಸೋಣ ಅಂತ ಮೇಡಂ ಸಲಹೆ ಕೊಟ್ರು. ಲೋಕ ಅದಾಲತಲ್ಲಿ ರಾಜಿ ಆದ್ರೆ ಅದು ಕೋರ್ಟ್ ಡಿಕ್ರಿಗೆ ಸಮ, ಮೇಲ್ಮನವಿ ಇರಲ್ಲ. ಜೊತೆಗೆ ಖಾತೆ ಅಣ್ಣಂದಿರ ಹೆಸರಿಗೆ ಹೋಗದ ಹಾಗೆ ತಹಶೀಲ್ದಾರ್‌ಗೆ ತಕರಾರು ಅರ್ಜಿ ಬರ್ಕೊಟ್ರು. ಖಾತೆ ಆದ ಮಾತ್ರಕ್ಕೆ ಹಕ್ಕು ಹೋಗಲ್ಲ, ಆದ್ರೆ ಖಾತೆ ಇಟ್ಕೊಂಡು ಮಾರಿಬಿಟ್ರೆ ಆಮೇಲೆ ಬಿಡಿಸೋದು ಕಷ್ಟ ಅಂದ್ರು.

ಮೊದಲ ಸಿಟ್ಟಿಂಗಿಗೆ ಅಣ್ಣಂದಿರು ಇಬ್ರೂ ಬಂದಿದ್ರು. ತವರು ಬೇಕೋ ಹೊಲ ಬೇಕೋ ಅಂತ ದೊಡ್ಡಣ್ಣ ಕೇಳ್ದ, ಈ ಮಾತಿಗೇ ಎಷ್ಟು ಜನ ಹೆಣ್ಣುಮಕ್ಕಳು ಸೈನ್ ಹಾಕಿ ಎದ್ದು ಬಂದಿದಾರೋ, ಕೇಳಿದ್ರೆ ಕರುಳು ಹಿಂಡುತ್ತೆ. ಅಕ್ಕ ಅಳ್ತಾನೇ, ಎರಡೂ ಬೇಕು ಅಣ್ಣ, ಉಡಿ ತುಂಬಿಸ್ಕೊಳ್ಳೋಕೂ ಬರ್ತೀನಿ ಶೇಂಗಾ ಕೀಳೋಕೂ ಬರ್ತೀನಿ ಅಂದ್ಲು. ಚಿಕ್ಕಣ್ಣ ಪಹಣಿ ನಕಲು ಕೈಗೆ ತಗೊಂಡು ಬಹಳ ಹೊತ್ತು ನೋಡಿದ. ಅಜ್ಜಿ ಹೊಲದ ವಿಷಯ ಮಾತಾಡೋಣ, ಮಿಕ್ಕಿದ್ದು ಆಮೇಲೆ ಅಂದ. ಅಲ್ಲಿಗೆ ನಿಂತಿದೆ, ಮುಂದಿನ ತಿಂಗಳು ಮತ್ತೆ ಡೇಟ್.

ಹೋಗೋರಿಗೆ: ಆಧಾರ್, ಜಾತಿ ಸರ್ಟಿಫಿಕೇಟ್, ಈಗಿನ ಪಹಣಿ, ಅಪ್ಪನ ಮರಣ ಪತ್ರ, ವಂಶವೃಕ್ಷ ಇದ್ರೆ ಅದು (ನಿಮ್ಮ ಹೆಸರು ಅದರಲ್ಲಿ ಇದೆಯಾ ಅಂತ ಮೊದಲು ನೋಡಿ, ಎಷ್ಟೋ ಮನೆಯಲ್ಲಿ ಹೆಣ್ಣುಮಕ್ಕಳನ್ನೇ ಬಿಟ್ಬಿಡ್ತಾರೆ), ಇಷ್ಟು ತಗೊಂಡು ಹೋಗಿ. ದುರ್ಗಕ್ಕೆ ಬರೋಕೆ ಆಗದಿದ್ರೆ ನಿಮ್ಮ ತಾಲೂಕ್ ಕೋರ್ಟಲ್ಲೇ ತಾಲೂಕು ಕಾನೂನು ಸೇವಾ ಸಮಿತಿ ಇರುತ್ತೆ, ಫೋನಿಗೆ 15100. ಈಗಾಗಲೇ ಮೋಸದಿಂದ ಸೈನ್ ಹಾಕಿಸ್ಕೊಂಡಿದ್ರೂ ಸುಮ್ನೆ ಕೂರ್ಬೇಡಿ, ವಿಷಯ ಗೊತ್ತಾದ ಮೂರು ವರ್ಷದೊಳಗೆ ಪತ್ರ ರದ್ದು ಮಾಡಿ ಅಂತ ದಾವೆ ಹಾಕೋಕೆ ಅವಕಾಶ ಇದೆ, ತಡ ಆದಷ್ಟೂ ಕಷ್ಟ. ನಮ್ಮ ಡೇಟ್ ಮುಗಿದ ಮೇಲೆ ಏನಾಯ್ತು ಅಂತ ಇಲ್ಲೇ ಬರೀತೀನಿ.