ಬೆಳಗಾವಿಯ ಒಂದು ಪೇಟೆಂಟ್ ಸಲಹಾ ಕಚೇರಿ: ತಾರೀಖಿನ ಲೆಕ್ಕಕ್ಕೆ 3,500 ರೂಪಾಯಿ

ಬೈಲಹೊಂಗಲ ತಾಲ್ಲೂಕಿನ ನಮ್ಮ ರೈತ ಉತ್ಪಾದಕ ಕಂಪನಿಯ ಪರವಾಗಿ, ಕಳೆದ ಮುಂಗಾರು ಹಂಗಾಮಿಗೆ ಮುನ್ನ, ಬೆಳಗಾವಿಯ ಟಿಳಕವಾಡಿಯಲ್ಲಿರುವ ಸಣ್ಣದೊಂದು ಪೇಟೆಂಟ್ ಸಲಹಾ ಕಚೇರಿಗೆ ಹೋಗಿದ್ದೆ. ಕೇಳಬೇಕಾಗಿದ್ದ ಪ್ರಶ್ನೆಗಳು ಎರಡು. ಬಿ.ಟಿ. ಹತ್ತಿಯ, ಎಂದರೆ ಕಾಯಿಕೊರಕ ಹುಳುವನ್ನು ತಡೆಯುವ ಕುಲಾಂತರಿ ಹತ್ತಿಯ, ಪೇಟೆಂಟ್ ಮುಗಿದಿದೆ ಎಂದು ಊರಲ್ಲೆಲ್ಲ ಮಾತಾಡಿಕೊಳ್ಳುತ್ತಾರೆ, ಹಾಗಾದರೆ ಅದರ ಬೀಜವನ್ನು ನಾವೇ ಉತ್ಪಾದಿಸಿ ಮಾರಬಹುದೇ ಎಂಬುದು ಮೊದಲನೆಯದು. ಕಬ್ಬಿಗೆ ಕೊಡುವ ಒಂದು ದ್ರವರೂಪದ ಜೈವಿಕ ಗೊಬ್ಬರದ ಬಾಟಲಿಯ ಮೇಲೆ ಅಚ್ಚಾಗಿರುವ ಪೇಟೆಂಟ್ ಎಲ್ಲಿಯವರೆಗೆ ಊರ್ಜಿತದಲ್ಲಿರುತ್ತದೆ ಎಂಬುದು ಎರಡನೆಯದು. ಶುಲ್ಕ 3,500 ರೂಪಾಯಿ. ಅದಕ್ಕೆ ಒಂದು ತಾಸಿನ ಮಾತುಕತೆ ಮತ್ತು ನಾಲ್ಕು ಪುಟಗಳ ಲಿಖಿತ ವರದಿ.

ವಾರದ ನಂತರ ಕೈಗೆ ಬಂದ ವರದಿಯ ಮೊದಲ ಪುಟದಲ್ಲೇ ತಪ್ಪಿತ್ತು. ಎರಡು ಜೀನುಗಳುಳ್ಳ ಬೋಲ್‌ಗಾರ್ಡ್-2 ಎಂಬ ಬಿ.ಟಿ. ಹತ್ತಿಗೆ ಸಂಬಂಧಿಸಿದ 214436 ಸಂಖ್ಯೆಯ ಭಾರತೀಯ ಪೇಟೆಂಟ್ 2008ರಲ್ಲಿ ಮಂಜೂರಾಗಿರುವುದರಿಂದ 2028ರವರೆಗೆ ಜಾರಿಯಲ್ಲಿರುತ್ತದೆ ಎಂದು ಬರೆದಿದ್ದರು. ನನಗೆ ಕಾನೂನು ತಿಳಿಯದಿದ್ದರೂ ಬೀಜದ ದರ ತಿಳಿದಿದೆ. 2016ರಲ್ಲಿ ಕೇಂದ್ರ ಸರ್ಕಾರ 450 ಗ್ರಾಂ ಪಾಕೀಟಿಗೆ 800 ರೂಪಾಯಿ ದರ ನಿಗದಿ ಮಾಡಿದಾಗ ಅದರೊಳಗೆ ಜೀನಿನ ಮಾಲೀಕ ಕಂಪನಿಗೆ ಸಲ್ಲುವ 49 ರೂಪಾಯಿ ತಂತ್ರಜ್ಞಾನ ಶುಲ್ಕ ಸೇರಿತ್ತು. ಹಂತ ಹಂತವಾಗಿ ಇಳಿದ ಆ ಶುಲ್ಕ 2020ರಲ್ಲಿ ಸೊನ್ನೆಯಾಯಿತು. ಪೇಟೆಂಟ್ 2028ರವರೆಗೆ ಇದ್ದಿದ್ದರೆ ಆ ಮಾಲೀಕ ಕಂಪನಿಯವರು ಅಷ್ಟು ಸುಲಭವಾಗಿ ಸುಮ್ಮನಿರುತ್ತಿದ್ದರೇ ಎಂದು ಫೋನಿನಲ್ಲಿ ಕೇಳಿದೆ. ಮರುದಿನವೇ ಕಚೇರಿಯ ಹಿರಿಯ ಸಲಹೆಗಾರರು ತಾವೇ ಕರೆಸಿಕೊಂಡು, ತಪ್ಪೊಪ್ಪಿಕೊಂಡು, ಬಿಳಿ ಹಾಳೆಯ ಮೇಲೆ ಗೆರೆಯೊಂದನ್ನೆಳೆದು ವಿವರಿಸಿದರು.

ಭಾರತದ ಪೇಟೆಂಟ್ ಕಾಯ್ದೆಯ 53ನೇ ಕಲಮಿನ ಪ್ರಕಾರ ಇಪ್ಪತ್ತು ವರ್ಷಗಳ ಎಣಿಕೆ ಶುರುವಾಗುವುದು ಮಂಜೂರಾದ ದಿನದಿಂದಲ್ಲ, ಅರ್ಜಿ ಸಲ್ಲಿಸಿದ ದಿನದಿಂದ. ಹಲವು ದೇಶಗಳಿಗೆ ಒಂದೇ ಅರ್ಜಿ ಹಾಕುವ ಅಂತರರಾಷ್ಟ್ರೀಯ ಒಪ್ಪಂದದಡಿ ಬಂದ ಅರ್ಜಿಯಾದರೆ ಅದು ಭಾರತದ ಕಚೇರಿಗೆ ತಲುಪಿದ ದಿನವೂ ಲೆಕ್ಕಕ್ಕಿಲ್ಲ, ಅಂತರರಾಷ್ಟ್ರೀಯ ಅರ್ಜಿ ಸಲ್ಲಿಕೆಯಾದ ದಿನವೇ ಆಧಾರ. ಬೋಲ್‌ಗಾರ್ಡ್-2ರ ಅರ್ಜಿಯ ಆ ದಿನ 1999ರ ನವೆಂಬರಿನಲ್ಲಿತ್ತು, ಆದ್ದರಿಂದ 2019ರ ನವೆಂಬರಿಗೆ ಪೇಟೆಂಟ್ ತೀರಿತು. ಆ ದಿನದಿಂದ ಮಂಜೂರಾಗುವಷ್ಟರಲ್ಲೇ ಎಂಟು ವರ್ಷಕ್ಕೂ ಹೆಚ್ಚು ಕಾಲ ಕಳೆದುದರಿಂದ, ಮಂಜೂರಾತಿಯ ನಂತರ ಮಾಲೀಕರಿಗೆ ಉಳಿದದ್ದು ಹನ್ನೊಂದು ವರ್ಷ ಚಿಲ್ಲರೆ ಮಾತ್ರ. ಅಮೆರಿಕದಲ್ಲಿ 1995ರ ಜೂನ್ 8ಕ್ಕಿಂತ ಮೊದಲಿನ ಅರ್ಜಿಗಳಿಗೆ ಮಂಜೂರಾತಿಯಿಂದ 17 ವರ್ಷ ಎಂಬ ಲೆಕ್ಕವಿತ್ತು, ಕಚೇರಿಯ ವಿಳಂಬಕ್ಕೆ ಅಲ್ಲಿ ದಿನಗಳನ್ನು ಕೂಡಿಸಿಕೊಡುವ ಏರ್ಪಾಡೂ ಇದೆ. ನಮ್ಮಲ್ಲಿ ಅಂಥದ್ದೇನೂ ಇಲ್ಲ. ಬೋಲ್‌ಗಾರ್ಡ್-2 ಪೇಟೆಂಟಿನ ಸಿಂಧುತ್ವದ ವ್ಯಾಜ್ಯ ದೆಹಲಿ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋಗಿ, ಅಲ್ಲಿಂದ ವಿಚಾರಣೆಗೆ ಮರಳಿ, 2021ರಲ್ಲಿ ರಾಜಿಯಾಗುವ ಹೊತ್ತಿಗೆ ಪೇಟೆಂಟೇ ಇರಲಿಲ್ಲ. ಇನ್ನು 2002ರಲ್ಲಿ ಅನುಮತಿ ಪಡೆದ ಮೊದಲ ಬೋಲ್‌ಗಾರ್ಡ್‌ಗೆ ಭಾರತದಲ್ಲಿ ಪೇಟೆಂಟ್ ಇದ್ದೇ ಇರಲಿಲ್ಲವೆಂಬುದು ನನಗೆ ಅಂದೇ ತಿಳಿದದ್ದು.

ಕೊಟ್ಟ ಹಣಕ್ಕೆ ಬೆಲೆ ಬಂದದ್ದು ಇದರ ನಂತರದ ಮಾತಿನಲ್ಲಿ. ಪೇಟೆಂಟ್ ತೀರಿತೆಂದ ಮಾತ್ರಕ್ಕೆ ಪಾಕೀಟಿನೊಳಗಿನ ಬೀಜ ನಿಮ್ಮದಾಗುವುದಿಲ್ಲ ಎಂದು ಅವರು ನಾನು ಒಯ್ದಿದ್ದ ಖಾಲಿ ಪಾಕೀಟನ್ನೇ ಮೇಜಿನ ಮೇಲಿಟ್ಟು ತೋರಿಸಿದರು. ಅದು ಸಂಕರಣ ಬೀಜ. ಹೊಲದಲ್ಲಿ ಬಿಡಿಸಿದ ಹತ್ತಿಯ ಬೀಜವನ್ನು ಮತ್ತೆ ಬಿತ್ತಿದರೆ ಗಿಡ ಒಂದೊಂದು ಒಂದೊಂದು ತೆರ, ಮೂಲ ತಾಯಿ-ತಂದೆ ತಳಿಗಳು ಕಂಪನಿಯ ಗೋದಾಮಿನಲ್ಲಿ. ಕುಲಾಂತರಿ ಬೆಳೆಗೆ ಬೇಕಾದ ಜೈವಿಕ ಸುರಕ್ಷತೆಯ ನಿಯಮಗಳು ಪರಿಸರ ಸಂರಕ್ಷಣಾ ಕಾಯ್ದೆಯಡಿ ಬೇರೆಯೇ ಇವೆ, ಅವುಗಳಿಗೂ ಪೇಟೆಂಟ್ ಗಡುವಿಗೂ ಸಂಬಂಧವಿಲ್ಲ. ಬೀಜ, ತಳಿ, ಗಿಡದ ಭಾಗಗಳಿಗೆ ಪೇಟೆಂಟ್ ಕಾಯ್ದೆಯ 3(ಜೆ) ಕಲಮಿನಡಿ ಪೇಟೆಂಟ್ ಸಿಗುವುದಿಲ್ಲ. ತಳಿಯ ರಕ್ಷಣೆ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ. ಅಲ್ಲಿ ಹೊಸ ತಳಿಯ ಎಣಿಕೆ ನೋಂದಣಿಯ ದಿನದಿಂದ: ಹತ್ತಿ, ಜೋಳದಂಥ ಬೆಳೆಗೆ 15 ವರ್ಷ, ಗಿಡಮರ ಮತ್ತು ಬಳ್ಳಿಗಳಿಗೆ, ಎಂದರೆ ವಿಜಯಪುರದವರ ದ್ರಾಕ್ಷಿಗೆ, 18 ವರ್ಷ. ಅದೂ ಮೊದಲ ಪ್ರಮಾಣಪತ್ರ ಕ್ರಮವಾಗಿ ಆರು ಮತ್ತು ಒಂಬತ್ತು ವರ್ಷಕ್ಕಷ್ಟೇ, ಮುಂದಕ್ಕೆ ನವೀಕರಿಸಬೇಕು. ಅದೇ ಕಾಯ್ದೆ ರೈತನಿಗೆ ತನ್ನ ಹೊಲದ ಬೀಜವನ್ನು ಉಳಿಸಿ, ಬಿತ್ತಿ, ಹಂಚಿ, ಬ್ರ್ಯಾಂಡ್ ಇಲ್ಲದೆ ಮಾರುವ ಹಕ್ಕನ್ನೂ ಕೊಟ್ಟಿದೆ. ಎರಡು ಕಾಯ್ದೆ, ಎರಡು ಕಡೆಯಿಂದ ಎಣಿಕೆ. ವರದಿಯಲ್ಲಿ ಇದನ್ನು ಅರ್ಧ ಪುಟದಲ್ಲಿ ಮುಗಿಸಿದ್ದು ನನ್ನ ದೂರುಗಳಲ್ಲೊಂದು.

ಗೊಬ್ಬರದ ಬಾಟಲಿಯ ವಿಷಯದಲ್ಲಿ ಮಾತ್ರ ಕೆಲಸ ಅಚ್ಚುಕಟ್ಟಾಗಿತ್ತು. ಸೂಕ್ಷ್ಮಾಣುಗಳಿಗೆ ಸಂಬಂಧಿಸಿದ ಆವಿಷ್ಕಾರಗಳಿಗೆ ಪೇಟೆಂಟ್ ಸಿಗಬಹುದಾದರೂ ಮೂರನೆಯ ವರ್ಷದಿಂದ ಪ್ರತಿ ವರ್ಷಕ್ಕೂ ನವೀಕರಣ ಶುಲ್ಕ ಕಟ್ಟಬೇಕು. ಕಟ್ಟದಿದ್ದರೆ ಇಪ್ಪತ್ತು ವರ್ಷ ತುಂಬುವ ಮೊದಲೇ ಪೇಟೆಂಟ್ ಬಿದ್ದುಹೋಗುತ್ತದೆ. ಪೇಟೆಂಟ್ ಕಚೇರಿಯ ಆನ್‌ಲೈನ್ ರಿಜಿಸ್ಟರ್ ತೆರೆದು ತೋರಿಸಿದಾಗ, ನಮ್ಮ ಬಾಟಲಿಯ ಪೇಟೆಂಟಿನ ಎಂಟನೆಯ ವರ್ಷದ ಕಂತು ಖಾಲಿಯಿತ್ತು. ಆದರೆ ಬಿದ್ದ ದಿನದಿಂದ 18 ತಿಂಗಳೊಳಗೆ ಮಾಲೀಕರು ಪುನಶ್ಚೇತನಕ್ಕೆ ಅರ್ಜಿ ಹಾಕಬಹುದಾದ್ದರಿಂದ, ಆ ಅವಧಿ ಕಳೆದ ಮೇಲೆ ರಿಜಿಸ್ಟರನ್ನು ಇನ್ನೊಮ್ಮೆ ನೋಡಿಯೇ ಹೆಜ್ಜೆಯಿಡಿ ಎಂದು ಸಲಹೆ ಕೊಟ್ಟು, ಆ ಎರಡನೆಯ ತಪಾಸಣೆಗೆ ಹಣ ಬೇಡವೆಂದು ವರದಿಯ ಮೇಲೇ ಬರೆದು ಸಹಿ ಹಾಕಿದರು.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಒಂದೂವರೆ ಕಳೆದದ್ದು 2028ಕ್ಕೆ ಮತ್ತು ಆ ಅರ್ಧ ಪುಟಕ್ಕೆ. ಹೋಗುವವರು ಖಾಲಿ ಪಾಕೀಟು, ಬಾಟಲಿ, ಖರೀದಿ ರಸೀದಿಗಳನ್ನು ಜೊತೆಗೊಯ್ಯಬೇಕು, ವರದಿ ಬಂದಾಗ ಪ್ರತಿ ದಿನಾಂಕದ ಮುಂದೆ ಅದು ಅರ್ಜಿಯದೋ ಮಂಜೂರಾತಿಯದೋ ನೋಂದಣಿಯದೋ ಎಂದು ಬರೆಸಿಕೊಳ್ಳಬೇಕು. ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಬಾಗಿಲು ಹಾಕುತ್ತಾರೆ.