ಎಲ್‌ಪಿಐಸಿ-1 ಓದಬೇಕೊ, ಆರ್‌ಎಚ್‌ಸಿಎಸ್‌ಎ ಓದಬೇಕೊ?

ಲಿನಕ್ಸ್ ಪರೀಕ್ಷೆಯಲ್ಲಿ ಒಂದೇ ಡಿಸ್ಟ್ರೋಗೆ (ಡೆಬಿಯನ್, ಉಬುಂಟು, ರೆಡ್‌ಹ್ಯಾಟ್‌ನಂತಹ ಲಿನಕ್ಸ್ ರೂಪಗಳಲ್ಲಿ ಒಂದಕ್ಕೆ) ಸೇರಿದ ವಿಷಯ ಇರಬೇಕೇ ಎಂದು ಕಲಬುರಗಿಯ ಇಂಜಿನಿಯರಿಂಗ್ ಹುಡುಗರು ಕೇಳುತ್ತಿರುತ್ತಾರೆ. ಎರಡೂ ಪಠ್ಯಗಳನ್ನು ಲ್ಯಾಬ್‌ನಲ್ಲಿ ಮಾಡಿ ನೋಡಿದ ಮೇಲೆ ನಮಗನಿಸಿದ್ದು: ಎಲ್ಲ ಡಿಸ್ಟ್ರೋಗೂ ಸಲ್ಲುವ ಪರೀಕ್ಷೆ (ಎಲ್‌ಪಿಐ ಸಂಸ್ಥೆಯ ಎಲ್‌ಪಿಐಸಿ-1) ನೆನಪನ್ನು ಅಳೆಯುತ್ತದೆ, ಒಂದೇ ಡಿಸ್ಟ್ರೋದ ಪರೀಕ್ಷೆ (ರೆಡ್‌ಹ್ಯಾಟ್ ಕಂಪನಿಯ ಆರ್‌ಎಚ್‌ಸಿಎಸ್‌ಎ) ಕೈಕೆಲಸವನ್ನು.

ಎಲ್‌ಪಿಐಸಿ-1ಕ್ಕೆ 101, 102 ಎಂಬ ಎರಡು ಪೇಪರ್. ಒಂದೊಂದಕ್ಕೂ 90 ನಿಮಿಷ, 60 ಪ್ರಶ್ನೆ. 101ರಲ್ಲಿ ಡೆಬಿಯನ್ ಪ್ಯಾಕೇಜ್‌ಗಳಿಗೆ (ಸಾಫ್ಟ್‌ವೇರ್ ಕಟ್ಟುಗಳಿಗೆ) 3, ರೆಡ್‌ಹ್ಯಾಟ್ ಕಡೆಯ ಆರ್‌ಪಿಎಂಗೆ 3 ತೂಕ. ಎಡವುವುದೆಲ್ಲ ಕಮಾಂಡಿನ ಜೊತೆ ಕೊಡುವ ಆಯ್ಕೆಯ ಅಕ್ಷರಗಳಲ್ಲಿ. ಒಂದು ಫೈಲ್ ಯಾವ ಪ್ಯಾಕೇಜಿನದು ಎಂದು ತಿಳಿಯಲು ಡೆಬಿಯನ್‌ನ ಡಿಪಿಕೆಜಿ ಕಮಾಂಡ್‌ಗೆ ದೊಡ್ಡ ಎಸ್, ಆರ್‌ಪಿಎಂಗೆ ಕ್ಯೂಎಫ್. ಪ್ಯಾಕೇಜಿನೊಳಗಿನ ಫೈಲ್‌ಗಳ ಪಟ್ಟಿಗೆ ಡಿಪಿಕೆಜಿಗೆ ದೊಡ್ಡ ಎಲ್, ಆರ್‌ಪಿಎಂಗೆ ಕ್ಯೂಎಲ್. ಡಿಪಿಕೆಜಿಗೆ ಸಣ್ಣ ಎಲ್ ಹಾಕಿದರೆ ಫೈಲ್‌ಗಳಲ್ಲ, ಪ್ಯಾಕೇಜ್‌ಗಳ ಪಟ್ಟಿ ಬರುತ್ತದೆ. ಹೊಸ ಬಳಕೆದಾರರನ್ನು ಸೇರಿಸುವ ಯೂಸರ್‌ಆಡ್ ಕೂಡ ಹಾಗೆಯೇ: ರೆಡ್‌ಹ್ಯಾಟ್ ಕಡೆ ಹೋಮ್ ಫೋಲ್ಡರ್ ತಾನೇ ಹುಟ್ಟುತ್ತದೆ, ಡೆಬಿಯನ್‌ನಲ್ಲಿ ಸಣ್ಣ ಎಂ ಕೊಡದಿದ್ದರೆ ಹುಟ್ಟುವುದಿಲ್ಲ.

ಆರ್‌ಎಚ್‌ಸಿಎಸ್‌ಎ ಬೇರೆ ಜಾತಿಯದು. 3 ಗಂಟೆ, ಪೂರ್ತಿ ಪ್ರಾಕ್ಟಿಕಲ್, 300ಕ್ಕೆ 210 ಬೇಕು, ಉತ್ತರ ಹುಡುಕಲು ಇಂಟರ್‌ನೆಟ್ ಇಲ್ಲ. ಯಂತ್ರದಲ್ಲೇ ಇರುವ ಕಮಾಂಡ್ ಕೈಪಿಡಿ, ಅಂದರೆ ಮ್ಯಾನ್ ಪುಟಗಳೇ ಗತಿ. ಮಾಡಿದ ಕೆಲಸ ರೀಬೂಟ್ ಆದ ಮೇಲೂ ಉಳಿದಿರಬೇಕು. ಇಲ್ಲಿ ಹೆಚ್ಚು ಜನರನ್ನು ಕಾಡುವುದು ಸೆಲಿನಕ್ಸ್, ಅಂದರೆ ಫೈಲ್, ಪೋರ್ಟ್‌ಗಳಿಗೆ ಲೇಬಲ್ ಹಚ್ಚಿ ಯಾವ ಪ್ರೋಗ್ರಾಂ ಏನನ್ನು ಮುಟ್ಟಬಹುದೆಂದು ಕಾಯುವ ಭದ್ರತಾ ಪದರ. ಅಪಾಚೆ ವೆಬ್ ಸರ್ವರನ್ನು 82ನೇ ಪೋರ್ಟ್‌ಗೆ ಬದಲಿಸಿದರೆ ಸರ್ವಿಸ್ ಏಳುವುದೇ ಇಲ್ಲ, ಏಕೆಂದರೆ ಆ ಪೋರ್ಟ್‌ಗೆ ವೆಬ್‌ನ ಲೇಬಲ್ ಇಲ್ಲ. ಸೆಮ್ಯಾನೇಜ್ ಕಮಾಂಡ್‌ನಿಂದ ಲೇಬಲ್ ಸೇರಿಸಿ, ಫೈರ್‌ವಾಲ್‌ನಲ್ಲಿ ಪರ್ಮನೆಂಟ್ ಎಂದು ಕೊಟ್ಟು ಪೋರ್ಟ್ ತೆರೆದು, ರೀಲೋಡ್ ಮಾಡಬೇಕು. ಸೆಮ್ಯಾನೇಜ್ ಇಲ್ಲದಿದ್ದರೆ ಅದರ ಪ್ಯಾಕೇಜಿನ ಉದ್ದ ಹೆಸರು ಬಾಯಿಪಾಠ ಬೇಡ. ಡಿಎನ್‌ಎಫ್ ಪ್ರೊವೈಡ್ಸ್ ಕಮಾಂಡ್ ಅದನ್ನು ಹುಡುಕಿ ಕೊಡುತ್ತದೆ. ಇನ್ನೊಂದು ತೊಡಕು: ಹೋಮ್‌ನಿಂದ ವೆಬ್ ಫೋಲ್ಡರ್‌ಗೆ ಫೈಲನ್ನು ಎಂವಿ ಮಾಡಿದರೆ (ಸರಿಸಿದರೆ) ಹಳೆಯ ಲೇಬಲ್ ಜೊತೆಗೇ ಬಂದು 403 (ಅನುಮತಿ ಇಲ್ಲ) ಎಂದು ತೋರಿಸುತ್ತದೆ. ಸಿಪಿ ಮಾಡಿದ್ದರೆ (ನಕಲಿಸಿದ್ದರೆ) ಹೊಸ ಲೇಬಲ್ ಸಿಗುತ್ತಿತ್ತು. ಮದ್ದು, ಸರಿಯಾದ ಲೇಬಲ್ ಮತ್ತೆ ಹಚ್ಚುವ ರೀಸ್ಟೋರ್‌ಕಾನ್. ಎಲ್‌ಪಿಐಸಿ-1ರಲ್ಲಿ ಇದ್ಯಾವುದನ್ನೂ ಕೇಳುವುದಿಲ್ಲ, ಅದೇ ಅದರ ಕೊರತೆ. ಆರ್‌ಎಚ್‌ಸಿಎಸ್‌ಎಯಲ್ಲಿ ಇನ್ನೊಂದು ಎಚ್ಚರ: ಯಾವ ಡಿಸ್ಕ್ ಎಲ್ಲಿ ಜೋಡಣೆಯಾಗಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲ್ ತಿದ್ದಿದ ಮೇಲೆ ಮೌಂಟ್‌ಗೆ ಸಣ್ಣ ಎ ಕೊಟ್ಟು ನೋಡದೆ ರೀಬೂಟ್ ಮಾಡಬೇಡಿ. ಒಂದು ತಪ್ಪಕ್ಷರ ಸಾಕು, ಯಂತ್ರ ಎಮರ್ಜೆನ್ಸಿ ಮೋಡ್‌ಗೆ ಬೀಳುತ್ತದೆ.

ಯಾವ ಕಂಪನಿಗೆ ಹೋಗುತ್ತೇವೊ ಗೊತ್ತಿಲ್ಲದವರಿಗೆ, ಉಬುಂಟುವೂ ಎದುರಾಗಬಹುದು ಎನ್ನುವವರಿಗೆ ಎಲ್‌ಪಿಐಸಿ-1 ಸಾಕು. ಸರ್ವರ್ ಕೆಲಸವೇ ಗುರಿಯಾದರೆ ಆರ್‌ಎಚ್‌ಸಿಎಸ್‌ಎ. ರೆಡ್‌ಹ್ಯಾಟ್‌ನಲ್ಲಿ ಪಳಗಿದ ಕೈಗೆ ಡೆಬಿಯನ್ ಬೇಗ ಒಗ್ಗುತ್ತದೆ. ಅಕ್ಷರ ಉರುಹೊಡೆದವನಿಗೆ ಸೆಲಿನಕ್ಸ್ ಅಷ್ಟು ಸುಲಭಕ್ಕೆ ಒಗ್ಗದು.

ಅಭ್ಯಾಸಕ್ಕೆ 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್ ಸಾಕು. ಅಲ್ಮಾಲಿನಕ್ಸ್ (ರೆಡ್‌ಹ್ಯಾಟ್‌ಗೆ ಹೊಂದುವ ಉಚಿತ ಡಿಸ್ಟ್ರೋ), ಡೆಬಿಯನ್ ಎರಡು ವರ್ಚುವಲ್ ಯಂತ್ರ, ತಲಾ 2 ಜಿಬಿ ರ‍್ಯಾಮ್, 20 ಜಿಬಿ ಡಿಸ್ಕ್. ಡಿಸ್ಕ್ ಜಾಗವನ್ನು ಬೇಕಾದಂತೆ ಹಂಚುವ ಎಲ್‌ವಿಎಂಗೆಂದು ಇನ್ನೊಂದು 5 ಜಿಬಿ ಡಿಸ್ಕ್. ಅಲ್ಮಾದ ಡಿವಿಡಿ ಇಮೇಜ್ ಸುಮಾರು 10 ಜಿಬಿ ಇದೆ, ಮೊಬೈಲ್ ಡೇಟಾದಲ್ಲಿ ಇಳಿಸಲು ಹೋಗಬೇಡಿ. ಆದರೆ ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ರೆಪೊ (ಪ್ಯಾಕೇಜ್‌ಗಳ ಭಂಡಾರ) ಹೂಡುವ ಅಭ್ಯಾಸವಾಗುತ್ತದೆ. ಆರ್‌ಎಚ್‌ಸಿಎಸ್‌ಎಯನ್ನು ಮನೆಯಿಂದಲೇ ಬರೆಯುವುದಾದರೆ ಕಲಬುರಗಿಯ ಬೇಸಿಗೆಯಲ್ಲಿ ಇನ್ವರ್ಟರ್‌ಗೆ ಕಂಪ್ಯೂಟರ್ ಅಷ್ಟೇ ಅಲ್ಲ, ರೌಟರನ್ನೂ ಜೋಡಿಸಿಡಿ.